ನಲವತ್ತೊಂದನೆಯ ಕಣ್ಣೀರು

ಮೊದಲ ಏಟು ಬಾಗಿಲಿಗೆ ಬಿತ್ತು. ಯಾರೆಂದು ನೋಡಲು ಲ್ಯಾಬಿನವನು ಬಾಗಿಲು ತೆರೆದ. ಎರಡನೆಯ ಏಟು ಅವನ ಕೈಗೆ ಬಿತ್ತು, ಮೂಳೆ ಮುರಿದ ಸದ್ದು ಇಬ್ಬರಿಗೂ ಕೇಳಿಸಿತು.

ಹೊಡೆದವನನ್ನು ಮರದ ಮಿಲ್ಲಿನಲ್ಲಿ ಎಲ್ಲರೂ ಗರಗಸದಣ್ಣ ಎನ್ನುತ್ತಿದ್ದರು. ಇಪ್ಪತ್ತು ವರ್ಷ ದಿಮ್ಮಿ ಸೀಳಿದ ತೋಳಿಗೆ ಕಬ್ಬಿಣದ ಸಲಾಕೆ ಯಾವ ಲೆಕ್ಕ. ಮೇಜನ್ನು ಬಾಗಿಲಿಗೆ ಅಡ್ಡ ತಳ್ಳಿದ. ಬಿಸಿಲು ಚುಚ್ಚಿತೆಂದು ಕಿಟಕಿಯ ಪರದೆ ಎಳೆದ. ಆಸ್ಪತ್ರೆಯ ಬೆಂಚಿನ ಮೇಲೆ ಮೂರು ದಿನ ನಿದ್ದೆಗೆಟ್ಟು ಅವನ ಕಣ್ಣು ಕೆಂಡವಾಗಿತ್ತು. ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಬೆಳಗ್ಗೆಯಿಂದ ಅದೇ ಗುರುತಿಲ್ಲದ ನಂಬರು. ಕಟ್ ಮಾಡಿದ.

“ನಿನ್ನೆ ನನ್ನ ತಮ್ಮನ ಕಣ್ಣು ತೆಗೆದ್ರು. ಫಂಗಸ್ ಇಲ್ಲ ಅಂತ ಬರೆದುಕೊಟ್ಟಿದ್ದು ಈ ಲ್ಯಾಬು. ಯಾರ ತಪ್ಪು ಅಂತ ಹೇಳು. ಅವನ ಕಣ್ಣನ್ನ ನಾನೇ ಕೀಳ್ತೀನಿ. ಅಮ್ಮನ ಮುಂದೆ ಆಣೆ ಮಾಡಿ ಬಂದಿದೀನಿ.”

ಹನ್ನೆರಡು ದಿನದ ಹಿಂದೆ ಮಿಲ್ಲಿನಲ್ಲಿ ಬೂಸ್ಟು ಹಿಡಿದ ದಿಮ್ಮಿಯೊಂದು ಸಿಡಿದು ಪುಡಿ ಅಣ್ಣತಮ್ಮ ಇಬ್ಬರ ಮುಖಕ್ಕೂ ಹಾರಿತ್ತು. ಅಣ್ಣ ನೀರು ಎರಚಿಕೊಂಡು ಮತ್ತೆ ಕೆಲಸಕ್ಕೆ ನಿಂತ. ಕಣ್ಣು ಸರಿಯಿಲ್ಲ ಎಂದವನನ್ನು ಆ ಮಿಲ್ಲಿನಲ್ಲಿ ಗರಗಸದ ಹತ್ತಿರ ಸೇರಿಸುವುದಿಲ್ಲ. ತಮ್ಮನದು ನಾಲ್ಕನೆಯ ದಿನಕ್ಕೆ ಊದಿತು. ಅಪ್ಪ ಸತ್ತ ಮೇಲೆ ಅವನನ್ನು ಕಣ್ಣಲ್ಲಿ ಕಣ್ಣಿಟ್ಟು ಸಾಕಿದವನು ಅಣ್ಣ; ಆಸ್ಪತ್ರೆಗೆ ಕರೆತಂದವನೂ ಅವನೇ. ನರ್ಸಮ್ಮ ರೆಪ್ಪೆಯಂಚಿಗೆ ಕಾಗದದ ಪಟ್ಟಿ ಸಿಕ್ಕಿಸಿ ಕಣ್ಣೀರು ಹಿಡಿದಿದ್ದಳು. “ಗಂಡಸರನ್ನ ಅಳಿಸೋಕೂ ಒಂದು ಡಿಪಾರ್ಟ್‌ಮೆಂಟ್ ಇಟ್ಟಿದಾರಲ್ಲೋ” ಎಂದು ಅಣ್ಣತಮ್ಮಂದಿರು ಪಟ್ಟಿ ನೇತುಹಾಕಿಕೊಂಡೇ ನಕ್ಕಿದ್ದರು. ಫಂಗಸ್ ಇಲ್ಲವೆಂದು ವರದಿ ಬಂತು. ಊತ ಇಳಿಸುವ ಹನಿ ಹಾಕಿದರು. ಒಳಗಿದ್ದ ಬೂಸ್ಟಿಗೆ ಅದು ಬೆಂಕಿಗೆ ತುಪ್ಪ ಸುರಿದಂತಾಯಿತು.

ಮೂರನೆಯ ಏಟಿಗೆ ಗಾಜಿನ ಕಪಾಟು ಉದುರಿತು. ಲ್ಯಾಬಿನವನ ಹಣೆ ಸೀಳಿ ರಕ್ತ ಇಳಿಯಿತು. ಗರಗಸದಣ್ಣ ಅವನ ಕೊರಳಪಟ್ಟಿ ಹಿಡಿದೆತ್ತಿ ಗೋಡೆಗೆ ಒತ್ತಿದ.

“ಹೇಳ್ತೀನಿ, ಹೊಡೀಬೇಡಿ. ಫಂಗಸ್ ಹತ್ತಿದ್ರೆ ಕಣ್ಣೀರಿನ ಪ್ರೋಟೀನ್‌ಗಳು ಬದಲಾಗುತ್ತವೆ. ಕೆಲವು ಏರುತ್ತವೆ, ಕೆಲವು ಇಳಿಯುತ್ತವೆ. ಅವತ್ತು ಆಸ್ಪತ್ರೆಗೆ ಬಂದ, ಕಣ್ಣು ಚೆನ್ನಾಗಿರೋ ಒಬ್ಬರ ಕಣ್ಣೀರನ್ನ ಪಕ್ಕದಲ್ಲಿಟ್ಟು ನೋಡ್ತೀವಿ. ವ್ಯತ್ಯಾಸ ಕಂಡ್ರೆ ಕಾಯಿಲೆ. ನಿಮ್ಮ ತಮ್ಮಂದೂ ಪಕ್ಕದ್ದೂ ಒಂದೇ ಥರ ಇತ್ತು.”

“ಹಾಗಾದ್ರೆ ಮೆಷೀನು ಸುಳ್ಳು.”

“ಮೆಷೀನಲ್ಲ. ನಿನ್ನೆ ಬೇರೆ ಹತ್ತು ಜನರದ್ದರ ಜೊತೆ ಇಟ್ಟು ನೋಡಿದ್ವಿ. ಪಕ್ಕದ್ದೇ ಕೆಟ್ಟಿತ್ತು. ನನಗೇನೂ ಇಲ್ಲ ಅಂದವನ ಕಣ್ಣಲ್ಲೂ ಫಂಗಸ್ ಇತ್ತು.”

“ಮುಚ್ಚಿಟ್ಟ.”

“ಮುಚ್ಚಿಟ್ಟ.”

ಗರಗಸದಣ್ಣನ ಎದೆ ಹಗುರಾಯಿತು. ಮೆಷೀನಿನ ಕಣ್ಣು ಕೀಳಲಾಗುವುದಿಲ್ಲ. ಈಗ ಒಬ್ಬ ಮನುಷ್ಯ ಸಿಕ್ಕಿದ್ದ.

“ಯಾರವನು?”

“ಕಾಗದದ ಪಟ್ಟಿ ಮೇಲೆ ನಂಬರ್ ಮಾತ್ರ ಇರುತ್ತೆ. ನಲವತ್ತೊಂದು. ಉಳಿದಿದ್ದು ಆ ರಿಜಿಸ್ಟರಲ್ಲಿದೆ. ತಡ ಮಾಡಿದ್ರೆ ಅವರ ಕಣ್ಣೂ ಹೋಗುತ್ತೆ. ಆಫೀಸಿನವರು ಬೆಳಗ್ಗೆಯಿಂದ ಫೋನ್ ಮಾಡ್ತಾನೇ ಇದಾರೆ, ಎತ್ತುತ್ತಿಲ್ಲ.”

“ಹೋಗ್ಲಿ ಬಿಡು. ಉಳಿದ್ರೆ ನಾನಿದೀನಿ.”

ಅವನನ್ನು ನೆಲಕ್ಕೆ ಕೆಡವಿ, ಕಪಾಟಿನ ಕೆಳಗಿನಿಂದ ರಿಜಿಸ್ಟರ್ ಎಳೆದು ತೆರೆದ. ಅಕ್ಷರಗಳು ಕಲಸಿಹೋದವು. ಎಡಗಣ್ಣಿನಲ್ಲಿ ಮತ್ತೆ ನೀರು ತುಂಬಿತು, ತೋಳಿನಿಂದ ಒರೆಸಿಕೊಂಡ. ತಮ್ಮನ ಖಾಲಿ ಕಣ್ಣಗುಣಿ ನೆನಪಾಯಿತು. ಪುಸ್ತಕವನ್ನು ಲ್ಯಾಬಿನವನ ಮಡಿಲಿಗೆ ಎಸೆದು ಸಲಾಕೆ ಎತ್ತಿ ನಿಂತ.

“ನೀನೇ ಓದು. ಗಟ್ಟಿಯಾಗಿ.”

ಲ್ಯಾಬಿನವನು ಮುರಿಯದ ಕೈಯಿಂದ ಹಾಳೆ ತಿರುವಿದ. ಹಣೆಯ ರಕ್ತ ಸಾಲುಗಳ ಮೇಲೆ ತೊಟ್ಟಿಕ್ಕಿತು. ಬೆರಳು ಒಂದು ಕಡೆ ನಿಂತಿತು.

“ನಲವತ್ತೊಂದು. ಕಣ್ಣಿಗೆ ಯಾವ ತೊಂದರೆಯೂ ಇಲ್ಲವೆಂದು ಸಹಿ ಮಾಡಿದ್ದಾರೆ. ರೋಗಿಯ ಜೊತೆ ಬಂದ ಅಣ್ಣ.”