ಪೀಠದ ಕೆಳಗಿನ ಮೇಜು

"ಲಾಯ್ಡ್, ಆ ತಟ್ಟೆಯಲ್ಲಿ ಎಂತ ಉಂಟು?" ಉರ್ಸುಲಾ ಬಾಯಿ ಫೋನಿನ ಹತ್ತಿರಕ್ಕೆ ಬಗ್ಗಿ ಕೇಳಿದರು.

ದೋಹಾದ ಅಬು ಹಮೂರಿನಲ್ಲಿ ಸಂಜೆ ಐದು ಗಂಟೆ. ಬೆಳ್ತಂಗಡಿ ಕಡೆಯ ಅವರ ಮನೆಯಲ್ಲಿ ಏಳೂವರೆ. ಪ್ರತಿ ಶುಕ್ರವಾರ ಈ ಹೊತ್ತಿಗೆ ಎರಡೂ ಮನೆಯವರು ಫೋನಿನಲ್ಲಿ ಎದುರುಬದುರಾಗಿ ಕುಳಿತು ಜಪಸರ ಹೇಳುವುದು ರೂಢಿ. ಊರಲ್ಲಿ ಕಿರಿಯ ಮಗ ಲಾಯ್ಡ್ ಮತ್ತು ಅವನ ಹೆಂಡತಿ ಲೀನಾ. ದೋಹಾದಲ್ಲಿ ಉರ್ಸುಲಾ ಬಾಯಿ ಮತ್ತು ಹಿರಿಯ ಮಗ ಬ್ರಯನ್‌ನ ವಿಧವೆ ಅನಿಶಾ. ಇಬ್ಬರ ನಡುವೆ ಬ್ಯಾಟರಿಯ ಮೇಣದ ಬತ್ತಿಯೊಂದು ಮಿನುಗುತ್ತಿತ್ತು. ಅತ್ತೆ ವಿಸಿಟ್ ವೀಸಾದಲ್ಲಿ ಬಂದ ದಿನವೇ ಅದನ್ನು ಬೇಕೆಂದು ಕೇಳಿದ್ದರು. ಮನೆಯ ಮಾಲೀಕರು ಬೆಂಕಿ ಹಚ್ಚಬಾರದು ಎಂದಿದ್ದಕ್ಕೇ ಇರಬೇಕೆಂದು ಅನಿಶಾ ತಿಳಿದಿದ್ದಳು.

"ಕೋವಿ ಮದ್ದು ಮಾಂಯ್," ಎಂದ ಲಾಯ್ಡ್ ಅಮ್ಮನಿಗೆ. "ಖಾಲಿ ತೋಟೆ ಎಂಟು ಇತ್ತು, ತುಂಬಿಸ್ತಾ ಇದ್ದೇನೆ. ಹಂದಿ ಬಂದು ಮರಗೆಣಸು ಪೂರಾ ಬುಡಮೇಲು ಮಾಡಿದೆ."

"ಅದೇ ಮೇಜಿನ ಮೇಲೆಯಾ?"

"ಮತ್ತೆಲ್ಲಿ? ಈ ಮನೆಯಲ್ಲಿ ಅಲುಗಾಡದ ಮೇಜು ಅಂತ ಇರುವುದು ಇದೊಂದೇ. ಹೆದರಬೇಡಿ ಮಾಂಯ್. ಅಣ್ಣನ ಹಾಗೆ ಬಾಯಲ್ಲಿ ಸಿಗರೇಟು ಕಚ್ಚಿಕೊಂಡು ತುಂಬುವವ ಅಲ್ಲ ನಾನು."

"ಎಂತ ಮಾತು ಅದು! ಅಲ್ಲಿ ಅನಿಶಕ್ಕ ಇದ್ದಾರೆ," ಲೀನಾ ಗದರಿದಳು.

"ಇರಲಿ ಬಿಡು ಲೀನಾ. ಸುಳ್ಳೇನಲ್ಲವಲ್ಲ," ಎಂದಳು ಅನಿಶಾ.

ಆ ಮೇಜಿನ ಒಂದು ಮೂಲೆ ಈಗಲೂ ಕಪ್ಪಾಗಿಯೇ ಇದೆ. ಮೇಲೊಂದು ಪ್ಲಾಸ್ಟಿಕ್ ಹಾಸು ಬಂದಿದೆ, ಅಷ್ಟೆ. ಎರಡು ವರ್ಷದ ಹಿಂದೆ ರಜೆಯಲ್ಲಿ ಊರಿಗೆ ಹೋದ ಬ್ರಯನ್ ಅಲ್ಲಿ ಕುಳಿತು ತೋಟೆ ತುಂಬುತ್ತಿದ್ದಾಗ ಮದ್ದಿಗೆ ಬೆಂಕಿ ತಗಲಿತ್ತು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡ. ಆಫೀಸಿನಲ್ಲಿ ರಜೆ ಸಿಗದೆ ದೋಹಾದಲ್ಲೇ ಉಳಿದಿದ್ದ ಅನಿಶಾ ಅವನನ್ನು ಮಾತಾಡುವ ಸ್ಥಿತಿಯಲ್ಲಿ ನೋಡಲಿಲ್ಲ. ಸಿಗರೇಟಿನ ಕಿಡಿ ಎಂದು ಯಾರೋ ಹೇಳಿದರು. ಊರೆಲ್ಲ ಅದನ್ನೇ ಹೇಳಿತು. ಆ ಸಿಟ್ಟಿಗೆ ಅನಿಶಾ ಅಂದಿನಿಂದ ಗಂಡನ ಹೆಸರು ಎತ್ತಿದವಳಲ್ಲ. ಜಪದ ಕೊನೆಯಲ್ಲಿ ತೀರಿಹೋದವರನ್ನು ನೆನೆಯುವಾಗಲೂ ಆ ಹೆಸರು ಹೇಳುವವರು ಉರ್ಸುಲಾ ಬಾಯಿಯೇ.

ಫೋನಿನಲ್ಲಿ ಬೆಂಕಿಕಡ್ಡಿ ಗೀರಿದ ಸದ್ದಾಯಿತು. ಮೇಜಿನ ಮೇಲ್ಗಡೆ ಗೋಡೆಗೆ ಹೊಡೆದ ದೇವರ ಪೀಠದಲ್ಲಿ ಲೀನಾ ಮೇಣದ ಬತ್ತಿ ಹಚ್ಚಿದ್ದಳು.

"ಲೀನಾ, ಬತ್ತಿ ಆರಿಸು!"

ಮೂವರೂ ಬೆಚ್ಚಿದರು. ಜ್ವರದಲ್ಲಿ ನಡುಗುತ್ತಿದ್ದಾಗಲೂ ಬತ್ತಿ ಹಚ್ಚದೆ ಜಪ ಹೇಳಿದವರಲ್ಲ ಉರ್ಸುಲಾ ಬಾಯಿ.

"ಎರಡೇ ತೋಟೆ ಬಾಕಿ ಮಾಂಯ್," ಎಂದ ಲಾಯ್ಡ್.

"ಗಂಟೆ ಏಳೂವರೆ ಆಯಿತಲ್ಲ," ಎಂದಳು ಲೀನಾ. "ದೇವರನ್ನು ಕಾಯಿಸಬಾರದು ಅಂತ ಹೇಳಿಕೊಟ್ಟದ್ದು ನೀವೇ ಅಲ್ವಾ?"

ಉರ್ಸುಲಾ ಬಾಯಿಯ ಬೆರಳುಗಳ ನಡುವೆ ಜಪಸರ ನಿಂತುಹೋಯಿತು. "ಊದಬೇಡ, ಕಿಡಿ ಹಾರೀತು. ಬೆರಳು ಒದ್ದೆ ಮಾಡಿಕೊಂಡು ಚಿವುಟು," ಎಂದರು.

ಲೀನಾ ಹಾಗೆಯೇ ಮಾಡಿದಳು. ಲಾಯ್ಡ್ ನಕ್ಕುಬಿಟ್ಟ. "ಇಷ್ಟಕ್ಕೆಲ್ಲ ಹೆದರಿದರೆ ಹೇಗೆ ಮಾಂಯ್? ನನಗೆ ಸಿಗರೇಟೇ ಇಲ್ಲ. ನಾಳೆಯೂ ಇಲ್ಲೇ ಕೂತು ತುಂಬುವುದು ನಾನು."

ಅನಿಶಾಳನ್ನು ಏನಾದರೊಂದು ನೆವ ಹೇಳಿ ಒಳಗೆ ಕಳುಹಿಸಬಹುದಿತ್ತು. ಉರ್ಸುಲಾ ಬಾಯಿ ಕಳುಹಿಸಲಿಲ್ಲ.

"ಬ್ರಯನ್ ಸೇದಿರಲಿಲ್ಲ ಪುತಾ. ತಪಸ್ಸಿನ ಕಾಲ ಅದು. ವಿಭೂತಿ ಬುಧವಾರದಿಂದಲೇ ಸಿಗರೇಟು ಬಿಟ್ಟಿದ್ದ. 'ಅನಿಶಾಗೆ ಹೇಳಬೇಡಿ ಮಾಂಯ್, ಈಸ್ಟರ್‌ವರೆಗೆ ನಿಭಾಯಿಸಿದರೆ ನಾನೇ ಹೇಳುತ್ತೇನೆ' ಅಂದಿದ್ದ. ಆವತ್ತು ಅವನೂ ನಿನ್ನ ಹಾಗೆಯೇ, 'ಎರಡೇ ಬಾಕಿ, ಸ್ವಲ್ಪ ತಡೀರಿ' ಅಂದ. ನಾನು ತಡೆಯಲಿಲ್ಲ. ಅವನ ತಲೆಯ ಮೇಲಿನಿಂದ ಕೈ ಚಾಚಿ ಬತ್ತಿ ಹಚ್ಚಿ, ಜಪಸರ ತರಲು ಒಳಗೆ ಹೋದೆ. ಕಿಟಕಿ ತೆರೆದಿತ್ತು. ಬತ್ತಿ ತಟ್ಟೆಗೆ ಬಿತ್ತು. ಅವರೆಲ್ಲ ಸಿಗರೇಟು ಅಂದಾಗ ನಾನು ಬಾಯಿ ಬಿಡಲಿಲ್ಲ. ಪಾಪನಿವೇದನೆಯಲ್ಲಿ ಪಾದ್ರಿಯವರಿಗೆ ಹೇಳಿದ್ದೇನೆ. ನಿಮಗೆ ಹೇಳುವ ಧೈರ್ಯ ಬರಲಿಲ್ಲ."

ಲಾಯ್ಡ್ ಎದ್ದು, ತಟ್ಟೆಯನ್ನು ತುಂಬಿದ ಹಾಲಿನ ಪಾತ್ರೆಯಂತೆ ಎರಡೂ ಕೈಯಲ್ಲಿ ಎತ್ತಿಕೊಂಡು ಹೊರಗೆ ನಡೆದ. "ಲೀನಾ, ಟಾರ್ಚ್ ಹಿಡಿ. ಅಂಗಳದಾಚೆ ಕೊಟ್ಟಿಗೆಯಲ್ಲಿಡುವ. ಮನೆಯೊಳಗೆ ಇನ್ನು ಇದು ಬೇಡ," ಎಂಬ ಅವನ ದನಿ ಮಾತ್ರ ಕೇಳಿಸಿತು.

ಅವರು ತಿರುಗಿ ಬಂದು ಕೈ ತೊಳೆದು, ಮೇಜು ಒರೆಸಿದ ಮೇಲೆ ಜಪ ಶುರುವಾಯಿತು. ಪೀಠದಲ್ಲಿ ಬತ್ತಿ ಉರಿಯಲಿಲ್ಲ. ಉರ್ಸುಲಾ ಬಾಯಿ ಒಂದು ಸಲವೂ ಅನಿಶಾಳ ಕಡೆ ನೋಡಲಿಲ್ಲ. ಕೊನೆಗೆ ತೀರಿಹೋದವರ ಹೆಸರು ಹೇಳುವಲ್ಲಿಗೆ ಬಂದಾಗ ತಮ್ಮ ತಂದೆತಾಯಿಯ ಹೆಸರು ಹೇಳಿದರು, ಗಂಡನ ಹೆಸರು ಹೇಳಿದರು. ಅಲ್ಲಿಗೇ ನಿಲ್ಲಿಸಿದರು.

"ಬ್ರಯನ್," ಎಂದಳು ಅನಿಶಾ.

ಜಪ ಮುಗಿದ ಮೇಲೆ ಕಿರಿಯರು ಹಿರಿಯರೆದುರು ಬಾಗಿ ಆಶೀರ್ವಾದ ಕೇಳುವುದು ಆ ಮನೆಯ ಪದ್ಧತಿ. ಲಾಯ್ಡ್ ಮತ್ತು ಲೀನಾ ಫೋನಿನಲ್ಲೇ ತಲೆಬಾಗಿದರು. ಅನಿಶಾ ಬಾಗಲಿಲ್ಲ. ಎದ್ದು ಅಡುಗೆಮನೆಗೆ ಹೋದಳು. ತುಂಬ ಹೊತ್ತು ನಲ್ಲಿಯ ನೀರು ಸುರಿಯುವ ಸದ್ದು ಕೇಳುತ್ತಿತ್ತು. ಆಮೇಲೆ ಎರಡು ಲೋಟ ಚಹಾ ತಂದು, ಒಂದನ್ನು ಅತ್ತೆಯ ಮುಂದಿಟ್ಟಳು.

ಉರ್ಸುಲಾ ಬಾಯಿ ಒಂದು ಗುಟುಕು ಕುಡಿದರು. ಸಕ್ಕರೆ ಹಾಕಿರಲಿಲ್ಲ. ಅವರ ಸಕ್ಕರೆ ಕಾಯಿಲೆಯನ್ನು ಅವಳು ಈ ದಿನವೂ ಮರೆತಿರಲಿಲ್ಲ.