ಆಕಳಿಸಿದ ಅಡುಗೆಯವಳು

“ಹದಿನೇಳು, ಈ ಕಥೆ ನೀವೇ ಬರೆದದ್ದಾ?”

ಉಪನ್ಯಾಸಕಿ ಲ್ಯಾಪ್‌ಟಾಪಿನ ಮುಂದೆ ಮುಖ ಬಿಗಿದುಕೊಂಡು ಕೇಳಿದರು. ಮನೆಯ ಊಟದ ಮೇಜೇ ಅವರ ತರಗತಿ. ಪರದೆಯ ತುಂಬ ನಲವತ್ತು ಕಪ್ಪು ಚೌಕಗಳು. ಮುಖವಿಲ್ಲ, ಹೆಸರಿಲ್ಲ, ಬರೀ ಸಂಖ್ಯೆ. ಹೆಸರು ಗೊತ್ತಾದರೆ ಮನೆತನ ಗೊತ್ತಾಗುತ್ತದೆ, ಮನೆತನ ಗೊತ್ತಾದರೆ ಅಂಕ ಅತ್ತಿತ್ತ ಆಗುತ್ತದೆ ಎಂದು ಅವರೇ ತಂದ ನಿಯಮ. ಈ ನಿಯಮದ ಬಗ್ಗೆ ಮೂರು ವಿಚಾರಗೋಷ್ಠಿಗಳಲ್ಲಿ ಮಾತಾಡಿ ಚಪ್ಪಾಳೆ ಗಿಟ್ಟಿಸಿದ್ದರು.

ಹದಿನೇಳು ಎಂದಿನಂತೆ ಬಾಯಿ ಬಿಡಲಿಲ್ಲ, ಬರೆದು ಉತ್ತರಿಸಿತು. “ನಾನೇ ಬರೆದದ್ದು ಮೇಡಂ.”

ಈ ವಾರದ ಪಾಠ, ಸಣ್ಣಕಥೆಯಲ್ಲಿ ದೃಷ್ಟಿಕೋನ ಮತ್ತು ವರ್ಗಭೇದ. ಸಿರಿವಂತರ ಮನೆಯೊಂದನ್ನು ಅಡುಗೆಯವಳ ಕಣ್ಣಲ್ಲಿ ನೋಡಿ ಬರೆಯಿರಿ ಎಂದಿದ್ದರು. ಮೂವತ್ತೊಂಬತ್ತು ಮಂದಿ ಜಾಣರು. ಅವರ ಅಡುಗೆಯವಳು ಒಲೆಯ ಮುಂದೆ ಬಿಕ್ಕಿ ಬಿಕ್ಕಿ ಅತ್ತಳು, ಹಸಿದಳು, ಕೊನೆಯಲ್ಲಿ ಒಡತಿಯನ್ನು ಕ್ಷಮಿಸಿದಳು, ಇಲ್ಲವೇ ಸತ್ತಳು. ಉಪನ್ಯಾಸಕಿಯವರ ಕನ್ನಡಕ ಮಂಜಾಯಿತು. ಎಲ್ಲರಿಗೂ ಕೈತುಂಬ ಅಂಕ.

ಹದಿನೇಳರ ಅಡುಗೆಯವಳು ಮಾತ್ರ ಅಳಲೇ ಇಲ್ಲ. ಒಡತಿ ಸಮಾನತೆಯ ಬಗ್ಗೆ ಗೆಳತಿಯರಿಗೆ ಕೊರೆಯುವುದನ್ನು ಒಂಬತ್ತು ವರ್ಷ ಕೇಳಿ ಕೇಳಿ ಅವಳಿಗೆ ಬಂದದ್ದು ಸಿಟ್ಟಲ್ಲ, ಆಕಳಿಕೆ. ತರಕಾರಿ ಹೆಚ್ಚುತ್ತಾ ಒಡತಿಯ ವಾದದಲ್ಲಿ ತಪ್ಪು ಹುಡುಕುವುದು ಅವಳ ಕಾಲಕ್ಷೇಪ.

ಆಕಳಿಕೆಯಂತೆ! ಅದೂ ಅಡುಗೆಯವಳಿಗೆ! ಉಪನ್ಯಾಸಕಿಗೆ ಮೈ ಉರಿಯಿತು. ಬಡವರ ಬಗ್ಗೆ ಅವರಿಗಿದ್ದ ಕನಿಕರಕ್ಕೆ ಯಾರೋ ತಣ್ಣೀರು ಎರಚಿದಂತಾಗಿತ್ತು.

“ಒಂದು ಚಹಾ,” ಎಂದರು, ಯಾವ ಕಡೆಗೂ ತಿರುಗದೆ. “ನೋಡಿ ಹದಿನೇಳು, ನಿಮ್ಮಂಥವರನ್ನ ನಾನು ಬೇಕಾದಷ್ಟು ನೋಡಿದ್ದೀನಿ. ಹಾಸಿಗೆ ಬಿಟ್ಟು ಏಳದೆ ಪಾಠ ಕೇಳ್ತೀರಿ. ಜೀವಮಾನದಲ್ಲಿ ಒಂದ್ಸಲ ಆದ್ರೂ ಅಡುಗೆಮನೆಗೆ ಕಾಲಿಟ್ಟಿದ್ದೀರಾ?”

ಚಹಾ ಬಂತು. ಉತ್ತರ ಬರಲಿಲ್ಲ. ಅರ್ಧ ಲೋಟ ಖಾಲಿಯಾದ ಮೇಲೆ ಪರದೆಯಲ್ಲಿ ಅಕ್ಷರ ಮೂಡಿತು. “ಇಟ್ಟಿದ್ದೀನಿ ಮೇಡಂ. ತಡವಾಯ್ತು, ಕ್ಷಮಿಸಿ, ಒಂದು ಕೆಲಸ ಬಂತು.”

“ಪಾಠದ ಮಧ್ಯೆ ಎಂಥಾ ಕೆಲಸ? ಫೇಲ್ ಮಾಡ್ತೀನಿ!”

ಮಾಡ್ತೀನಿ ಎಂಬ ತಮ್ಮದೇ ದನಿ ಎಲ್ಲಿಂದಲೋ ತುಸು ತಡವಾಗಿ ಮತ್ತೆ ಕೇಳಿದಂತಾಯಿತು. ಹಾಳು ನೆಟ್‌ವರ್ಕ್ ಎಂದು ಗೊಣಗಿಕೊಂಡರು.

ಹದಿನೇಳು ಈಗ ಸರಸರನೆ ಬರೆಯಿತು. “ಹಾಗೆ ಮಾಡ್ಬೇಡಿ ಮೇಡಂ. ಪದವಿಗೆ ಇದೊಂದೇ ಬಾಕಿ. ಎಂಟು ವರ್ಷದಿಂದ ಓದ್ತಿದ್ದೀನಿ. ಒಂದು ಶಾಲೆಯ ಗ್ರಂಥಾಲಯದಲ್ಲಿ ಕೆಲಸ ಕೊಡ್ತೀವಿ ಅಂದಿದ್ದಾರೆ, ಸೋಮವಾರ ಫಲಿತಾಂಶ ತೋರಿಸ್ಬೇಕು.”

ಒಂದು ಪದವಿಗೆ ಎಂಟು ವರ್ಷ! ಅಪ್ಪನ ಮನೆಯಲ್ಲಿ ಕೂತು ಉಣ್ಣಲು ಬೇಕಾದಷ್ಟಿದ್ದರೆ ಓದು ಹೀಗೇ ಆಮೆನಡಿಗೆ. ಉಪನ್ಯಾಸಕಿಗೆ ಇನ್ನು ಸಂಶಯವೇ ಉಳಿಯಲಿಲ್ಲ.

“ಕ್ಯಾಮೆರಾ ಆನ್ ಮಾಡಿ. ಎಲ್ಲಿ ಕೂತು ಕಥೆ ಹೊಸೀತೀರಿ ಅಂತ ಎಲ್ಲರೂ ನೋಡ್ಲಿ. ಅಡುಗೆಮನೆ ಕಂಡ್ರೆ ಪಾಸು, ಹಾಸಿಗೆ ಕಂಡ್ರೆ ಫೇಲು. ನನ್ನ ಮಾತು ಅಂದ್ರೆ ಮಾತು.”

“ಆನ್ ಮಾಡಿದ್ರೆ ನಿಮಗೇ ಮುಜುಗರ ಆಗುತ್ತೆ ಮೇಡಂ.”

“ನನಗೆ ಎಂಥಾ ಮುಜುಗರ ರೀ? ಮೊದಲು ಆನ್ ಮಾಡಿ!”

ಹದಿನೇಳನೆಯ ಚೌಕ ಬೆಳಗಿತು. ಒಂದು ಒಲೆ ಕಂಡಿತು, ತೊಳೆದಿಟ್ಟ ಪಾತ್ರೆಗಳು ಕಂಡವು, ಅರೆತೆರೆದ ಬಾಗಿಲು ಕಂಡಿತು.

ಬಾಗಿಲಾಚೆ ಊಟದ ಮೇಜಿನ ಮುಂದೆ, ಕ್ಯಾಮೆರಾಕ್ಕೆ ಬೆನ್ನು ಹಾಕಿ ಕೂತಿದ್ದವರು ಉಪನ್ಯಾಸಕಿಯೇ.