ಎರಡನೆಯ ಆನೆ

ವೃಶ್ಚಿಕ ಮಾಸದ ಮಂಜು ಬಿದ್ದು ಕಾಡಂಚಿನ ಊರು ನೂಲ್ಪುಳದ ಗದ್ದೆಗಳಲ್ಲಿ ಗಂಧಕಸಾಲೆ ಭತ್ತದ ತೆನೆ ಬಾಗಿತ್ತು. ನಿಷಳ ಅಪ್ಪ ಕೇತನ್ ಜ್ವರದಲ್ಲಿ ಮಲಗಿದ್ದ. ಅವನ ಕಾವಲಿನ ಪಾಳಿಯನ್ನು ಅಮ್ಮನ ತಮ್ಮ ಗುಂಡಮಾವ ವಹಿಸಿಕೊಂಡಿದ್ದ. ಆ ಸಂಜೆ ನಿಷ ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆದು ಒಂದೇ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದಳು.

ಕಾಡಂಚಿನ ಕ್ಯಾಮೆರಾಗೆ ಆನೆ ಕಂಡರೆ ಗದ್ದೆಯ ಸೈರನ್ ಕೂಗಬೇಕು. ಅದಕ್ಕೆ ಕಂಪನಿಯವರು ಹೊಸ ಕೋಡ್ ಬರೆದಿದ್ದರು. ಅದರಲ್ಲಿ ತಪ್ಪು ಹುಡುಕುವುದು ಅವಳ ಕೆಲಸ. ಹುಡುಕಿದ್ದಳು. ಒಂದು ಆನೆಯ ಬೆನ್ನಿಗೇ ಇನ್ನೊಂದು ಬಂದರೆ ಎರಡೂ ಒಂದೇ ಎಂದುಕೊಂಡು, ಎರಡನೆಯದಕ್ಕೆ ಸೈರನ್ ಸುಮ್ಮನಿರುತ್ತಿತ್ತು.

‘ಸರಿಪಡಿಸುವ ತನಕ ಇದನ್ನು ಹಾಕಬೇಡಿ’ ಎಂದು ಬರೆದಳು.

ಅವಳು ಚೇಟಾ, ಅಣ್ಣ, ಎಂದು ಕರೆಯುವ ತಂಡದ ಮುಖ್ಯಸ್ಥ ಸನೀಶ್ ಫೋನ್ ಮಾಡಿದ. “ಹಳೆಯ ಕೋಡ್‌ನಲ್ಲಿ ನೆಟ್‌ವರ್ಕ್ ಹೋದರೆ ಸೈರನ್ ಕೂಗೋದೇ ಇಲ್ಲ. ಅದಕ್ಕೇ ತಾನೆ ಹೊಸದು?”

“ಒಂದು ದಾಟಿತು ಅಂತ ಜನ ಕೆಳಗಿಳೀತಾರೆ ಚೇಟಾ. ಹಿಂದೆ ಇನ್ನೊಂದಿರುತ್ತೆ.”

“ನಿನ್ನದು ಕರಿನಾಲಗೆ, ಕೆಟ್ಟದ್ದು ಅಂದರೆ ಆಗಿಯೇ ಬಿಡುತ್ತೆ. ಆಯ್ತು ತಾಯಿ, ನೀನು ಹೇಳಿದ ಹಾಗೇ ಆಗಲಿ.”

ಈ ‘ಆಗಲಿ’ಯನ್ನು ಹಿಂದೆಯೂ ಕೇಳಿದ್ದಳು. ಅವಳು ಮುಂಗಂಡದ್ದು ಪ್ರತಿ ಸಲ ನಡೆದಿತ್ತು. ಅವಳ ಮಾತು ಮಾತ್ರ ಒಮ್ಮೆಯೂ ನಡೆದಿರಲಿಲ್ಲ. ಕತ್ತಲಾಗುವ ಮುಂಚೆ ಕಂಪನಿಯ ಜೀಪು ಸೈರನ್ ಕಂಬದ ತನಕ ಬಂದು, ಮೇಲೆ ಕಟ್ಟಿದ್ದ ಏಣಿ ಬಿಚ್ಚುವಷ್ಟು ಹೊತ್ತೂ ನಿಲ್ಲದೆ ಹೊರಟುಹೋಯಿತು. ಜೀಪು ಬಂದದ್ದನ್ನಷ್ಟೇ ಕಂಡು, ಹೊಸ ಕೋಡ್ ಹಾಕಿಯೇ ಬಿಟ್ಟರು, ಎಂದುಕೊಂಡಳು.

ಗಂಜಿ ಹಿಡಿದು ಗದ್ದೆಗೆ ಓಡಿದಳು. ಗುಂಡಮಾವ ಮರದ ಮೇಲಿನ ಅಟ್ಟಣೆ ಹತ್ತುತ್ತಿದ್ದ.

“ಮಾವಾ, ಸೈರನ್ ಕೂಗಿ ನಿಂತ್ರೂ ಇಳೀಬ್ಯಾಡ. ಬೆಳಗಾಗೋವರ್ಗೂ ಅಲ್ಲೇ ಇರು.”

“ಕೂಗ್ದೇ ಇದ್ರೆ ಇಳೀಬೋದು ತಾನೆ? ಮೇಲೆ ಬೀಡಿ ಹಚ್ಚಿದ್ರೆ ಹುಲ್ಲಿಗೇ ಬೆಂಕಿ.”

“ಕೂಗ್ದಿದ್ರೆ ಇಳಿ,” ಎಂದು ನಕ್ಕಳು.

ಬೆಳಕು ಹರಿಯುವಾಗ ಗುಂಡಮಾವನನ್ನು ಗೋಣಿತಾಟಿನ ಮೇಲೆ ಹೊತ್ತು ತಂದರು. ಮುಖ ಬಿಟ್ಟರೆ ಗುರುತು ಸಿಗುವಂತಿರಲಿಲ್ಲ. ಮುಷ್ಟಿಯಲ್ಲಿ ಬೆಂಕಿಪೊಟ್ಟಣ ಹಾಗೇ ಇತ್ತು. ಅಪ್ಪ ಕಂಬಳಿ ಹೊದ್ದೇ ಎದ್ದು ಬಂದು ಪಕ್ಕದಲ್ಲಿ ಕುಸಿದ.

“ನನ್ ಪಾಳಿ ಅವ್ನು ಕಾದ. ಇನ್ಯಾರ್ಗೆ ತೀರಿಸ್ಲಿ?”

ನಿಷ ಫೋನ್ ಎತ್ತಿದಳು. ರಾತ್ರಿ ಹೋದ ನೆಟ್‌ವರ್ಕ್ ಇನ್ನೂ ಬಂದಿರಲಿಲ್ಲ. ಸಿಗ್ನಲ್ ಸಿಗುವ ದಿಣ್ಣೆಯವರೆಗೂ ಮಂಜಿನಲ್ಲಿ ಏದುಸಿರು ಬಿಡುತ್ತ ಹತ್ತಿದಳು.

“ನಮ್ಮ ಮಾವ ಹೋದ ಚೇಟಾ. ಎರಡನೇ ಆನೆ. ಒಂದು ಸಲವಾದರೂ ನನ್ನ ಮಾತು ಕೇಳಬಾರದಿತ್ತಾ?”



“ಕೇಳಿದೆ ನಿಷ. ಜೀಪನ್ನು ವಾಪಸ್ ಕರೆಸಿದೆ. ರಾತ್ರಿ ಅಲ್ಲಿದ್ದದ್ದು ಹಳೆಯದೇ, ನೆಟ್‌ವರ್ಕ್ ಹೋದರೆ ಕೂಗದ್ದು.”